ಗುಂಡು ಗುರಿ ತಪ್ಪುವುದೇಕೆ? ಅರೆ-ಸ್ವಯಂಚಾಲಿತ ಬೇಟೆ ರೈಫಲ್‌ನಲ್ಲಿ ದೋಷ ಹುಡುಕುವ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳಿನಲ್ಲಿ ಒಂಬತ್ತು ದಿನಗಳ ಕಾಲ, ಪರವಾನಗಿ ಪಡೆದವರು ಬಂದೂಕಿನಿಂದ ಜಿಂಕೆ ಬೇಟೆಯಾಡಬಹುದು. ಆ ದಿನಗಳು ಹತ್ತಿರ ಬಂದಂತೆ ಬೇಟೆಗಾರರು ಅಭ್ಯಾಸದ ಮೈದಾನಕ್ಕೆ ಹೋಗಿ ತಮ್ಮ ರೈಫಲ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ವಾಡಿಕೆ. ಅಂಥ ಒಬ್ಬ ಬೇಟೆಗಾರನನ್ನು ಕಲ್ಪಿಸಿಕೊಳ್ಳಿ. 100 ಮೀಟರ್ ದೂರದ ಗುರಿಹಲಗೆಗೆ ಅವನು ಒಂದು ಗುಂಡು ಹಾರಿಸುತ್ತಾನೆ. ಅದು ನಡುಬಿಂದುವಿನಿಂದ 6 ಸೆಂ.ಮೀ. ಬಲಕ್ಕೆ ಬೀಳುತ್ತದೆ. ಸ್ಕೋಪಿನ ತಿರುಪನ್ನು ಅಷ್ಟೇ ಎಡಕ್ಕೆ ತಿರುಗಿಸುತ್ತಾನೆ. ಮುಂದಿನ ಗುಂಡು 7 ಸೆಂ.ಮೀ. ಎಡಕ್ಕೆ! ಮತ್ತೆ ತಿರುಪು, ಮತ್ತೆ ಗುಂಡು. ಒಂದು ಪೆಟ್ಟಿಗೆ ತೋಟಾ ಮುಗಿದರೂ ರೈಫಲ್ ಹತೋಟಿಗೆ ಬರುವುದಿಲ್ಲ. ಮರುದಿನ ಬೇರೆ ಕಂಪನಿಯ ತೋಟಾ, ಅದರ ಮರುದಿನ ಹೊಸ ಸ್ಕೋಪ್. ಹಣ ಖರ್ಚಾಯಿತೇ ಹೊರತು ದೋಷ ಎಲ್ಲಿದೆ ಎಂಬುದು ತಿಳಿಯಲಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ನಮ್ಮಲ್ಲಿ ಬಹುತೇಕರು ಇಂಥ ರೈಫಲ್ಲನ್ನು ಕೈಯಲ್ಲಿ ಹಿಡಿದವರೂ ಅಲ್ಲ. ಹಾಗಿದ್ದರೂ ಈ ಬೇಟೆಗಾರನ ತಪ್ಪು ನಮಗೆ ಅಪರಿಚಿತವಲ್ಲ. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿ ಅಳೆಯುವಾಗ ಒಂದು ಅಳತೆ ಹೆಚ್ಚು ಬಂತೆಂದು ಮುಂದಿನದನ್ನು ಬೇಕೆಂದೇ ಕಡಿಮೆ ಓದುವ ವಿದ್ಯಾರ್ಥಿ ಮಾಡುವುದೂ ಇದನ್ನೇ. ರೈಫಲ್ ಒಂದು ಯಂತ್ರ. ಅದು ಗುರಿಹಲಗೆಯ ಮೇಲೆ ಬಿಡುವ ಪ್ರತಿಯೊಂದು ತೂತೂ ಒಂದು ಅಳತೆ. ಆ ಅಳತೆಗಳನ್ನು ಓದಲು ಕಲಿತರೆ ದೋಷ ತಾನಾಗಿಯೇ ಹೊರಬೀಳುತ್ತದೆ.

ಇಲ್ಲಿ ಕಳೆದುಕೊಳ್ಳುವುದು ಹಣ ಮಾತ್ರವಲ್ಲ. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂ.ಮೀ. ವ್ಯಾಸದ ವೃತ್ತದಷ್ಟು. ಗುಂಡು ಅದರೊಳಗೆ ಬಿದ್ದರೆ ಪ್ರಾಣಿ ಬೇಗ ಸಾಯುತ್ತದೆ. ಹೊರಗೆ ಬಿದ್ದರೆ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಪೂರ್ತಿ ತಪ್ಪಿದ ಗುಂಡು ಎಲ್ಲಿಗೆ ಹೋಯಿತೆಂದು ಹೇಳುವವರಿಲ್ಲ. ಆದ್ದರಿಂದ "ನನ್ನ ರೈಫಲ್ ಎಷ್ಟು ಸರಿಯಾಗಿದೆ?" ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು.

ನಿಖರತೆ ಬೇರೆ, ನಿಷ್ಕೃಷ್ಟತೆ ಬೇರೆ

ಹತ್ತು ಗುಂಡುಗಳು ಒಂದೇ ಕಡೆ ಒತ್ತಾಗಿ, ಆದರೆ ನಡುಬಿಂದುವಿನಿಂದ ದೂರದಲ್ಲಿ ಬಿದ್ದಿವೆ ಎಂದುಕೊಳ್ಳಿ. ಆಗ ರೈಫಲ್ ನಿಷ್ಕೃಷ್ಟವಾಗಿದೆ, ಆದರೆ ನಿಖರವಾಗಿಲ್ಲ. ಇದು ವ್ಯವಸ್ಥಿತ ದೋಷ. ಸ್ಕೋಪಿನ ತಿರುಪನ್ನು ತಿರುಗಿಸಿದರೆ ಸರಿಹೋಗುತ್ತದೆ. ಹತ್ತು ಗುಂಡುಗಳು ನಡುಬಿಂದುವಿನ ಸುತ್ತ ಎಲ್ಲೆಡೆ ಚದುರಿವೆ ಎಂದುಕೊಳ್ಳಿ. ಅವುಗಳ ಸರಾಸರಿ ನಡುಬಿಂದುವಿನಲ್ಲೇ ಇರಬಹುದು, ಆದರೆ ಹರಡಿಕೆ ದೊಡ್ಡದು. ಇದು ಯಾದೃಚ್ಛಿಕ ದೋಷ. ಇದನ್ನು ಸ್ಕೋಪಿನ ತಿರುಪು ಎಂದಿಗೂ ಸರಿಪಡಿಸಲಾರದು. ನಮ್ಮ ಬೇಟೆಗಾರ ಎರಡನೆಯ ರೋಗಕ್ಕೆ ಮೊದಲನೆಯದರ ಔಷಧಿ ಕೊಡುತ್ತಿದ್ದ.

ಔಷಧಿ ಕೆಲಸ ಮಾಡದಿದ್ದುದು ಮಾತ್ರವಲ್ಲ, ರೋಗವನ್ನೂ ಹೆಚ್ಚಿಸಿತು. ಅದು ಹೇಗೆಂದು ನೋಡೋಣ. ತಿರುಪನ್ನು ಮುಟ್ಟದಿದ್ದರೆ ಪ್ರತಿ ಗುಂಡಿನ ಸ್ಥಾನ ಅದರದೇ ಯಾದೃಚ್ಛಿಕ ದೋಷಕ್ಕೆ ಸಮ. ಪ್ರತಿ ಗುಂಡಿನ ನಂತರವೂ ತಿರುಪು ತಿರುಗಿಸಿದರೆ ಮುಂದಿನ ಗುಂಡಿನ ಸ್ಥಾನದಲ್ಲಿ ಎರಡು ದೋಷಗಳು ಸೇರುತ್ತವೆ: ಅದರದೇ ಹೊಸ ದೋಷ ಮತ್ತು ತಿರುಪಿನ ಮೂಲಕ ಬಂದ ಹಿಂದಿನ ಗುಂಡಿನ ದೋಷ. ಎರಡೂ ಸ್ವತಂತ್ರವಾದ್ದರಿಂದ ಅವುಗಳ ವರ್ಗಗಳನ್ನು ಕೂಡಬೇಕು. ವಿಚಲನೆಯ ವರ್ಗ ಎರಡು ಪಟ್ಟಾಗುತ್ತದೆ, ಹರಡಿಕೆ 1.41 ಪಟ್ಟಾಗುತ್ತದೆ. ಶ್ರಮಪಟ್ಟು ಸರಿಪಡಿಸಿದಷ್ಟೂ ಕೆಡುತ್ತದೆ! ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣಕ್ಕೆ ಹೆಸರಾದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ (1900–1993) ಒಂದು ಆಲಿಕೆ ಮತ್ತು ಗೋಲಿಯನ್ನು ಬಳಸಿ ಈ ಸಂಗತಿಯನ್ನು ತೋರಿಸುತ್ತಿದ್ದರು. ಆ ಪ್ರಯೋಗವನ್ನು ಲೇಖನದ ಕೊನೆಯಲ್ಲಿ ಕೊಡಲಾಗಿದೆ.

ಮೂರು ಗುಂಡು ಸಾಕೇ?

ಗುಂಪಿನಲ್ಲಿ ಅತಿ ದೂರವಿರುವ ಎರಡು ತೂತುಗಳ ನಡುವಿನ ಅಂತರವನ್ನು ಗುಂಪಿನ ಅಳತೆ ಎನ್ನುತ್ತಾರೆ. ಮೂರು ಗುಂಡು ಹಾರಿಸಿ ಈ ಅಂತರವನ್ನು ಹೇಳುವುದು ಬೇಟೆಗಾರರ ರೂಢಿ. ಇದರಲ್ಲಿ ಒಂದು ಮೋಸವಿದೆ. ಒಂದು ರೈಫಲ್ಲಿನ ಮಾನಕ ವಿಚಲನೆ ಅಡ್ಡಲಾಗಿಯೂ ಲಂಬವಾಗಿಯೂ 2 ಸೆಂ.ಮೀ. ಇದೆ ಎಂದುಕೊಳ್ಳೋಣ. ಸಂಭವನೀಯತೆಯ ಲೆಕ್ಕದ ಪ್ರಕಾರ ಅದು ಸರಾಸರಿಯಲ್ಲಿ 3 ಗುಂಡುಗಳಿಗೆ 4.8 ಸೆಂ.ಮೀ., 5 ಗುಂಡುಗಳಿಗೆ 6.1 ಸೆಂ.ಮೀ., 10 ಗುಂಡುಗಳಿಗೆ 7.6 ಸೆಂ.ಮೀ. ಗುಂಪನ್ನು ಕೊಡುತ್ತದೆ. ರೈಫಲ್ ಅದೇ, ಮದ್ದು ಅದೇ. ಗುಂಡುಗಳ ಸಂಖ್ಯೆ ಮಾತ್ರ ಬೇರೆ. ಇವು ಸರಾಸರಿಗಳು. ಒಂದೊಂದು ಮೂರು-ಗುಂಡಿನ ಗುಂಪು ಅದೃಷ್ಟವಶಾತ್ 2 ಸೆಂ.ಮೀ.ಗೆ ಇಳಿಯಬಹುದು, ಇನ್ನೊಂದು 8 ಸೆಂ.ಮೀ.ಗೆ ಏರಬಹುದು. ಹಳೆಯ ತೋಟಾದಿಂದ ಒಂದು ಗುಂಪು, ಹೊಸ ತೋಟಾದಿಂದ ಒಂದು ಗುಂಪು ಹಾರಿಸಿ "ಹೊಸದೇ ಒಳ್ಳೆಯದು" ಎಂದು ತೀರ್ಮಾನಿಸುವುದು ನಾಣ್ಯ ಚಿಮ್ಮಿ ತೀರ್ಮಾನಿಸಿದಂತೆಯೇ.

ಗುಂಪಿನ ಕೇಂದ್ರವೂ ಅಷ್ಟೇ. ಕೇಂದ್ರದ ಅನಿಶ್ಚಿತತೆ ಮಾನಕ ವಿಚಲನೆಯನ್ನು ಗುಂಡುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. 2 ಸೆಂ.ಮೀ. ವಿಚಲನೆಯ ರೈಫಲ್ಲಿನಲ್ಲಿ 3 ಗುಂಡುಗಳಿಗೆ ಇದು 1.2 ಸೆಂ.ಮೀ., 10 ಗುಂಡುಗಳಿಗೆ 0.6 ಸೆಂ.ಮೀ. ಸ್ಕೋಪಿನ ತಿರುಪಿನ ಒಂದು 'ಟಿಕ್' ಸಾಮಾನ್ಯವಾಗಿ ಕಾಲು ಕಲೆ ಕೋನ, ಅಂದರೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ. (ಒಂದು ಕಲೆ ಎಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ, 100 ಮೀಟರಿನಲ್ಲಿ 2.9 ಸೆಂ.ಮೀ.) ಮೂರು ಗುಂಡು ನೋಡಿ ಒಂದು ಟಿಕ್ ತಿರುಗಿಸುವುದಕ್ಕೆ ಅರ್ಥವಿಲ್ಲ ಎಂಬುದು ಇದರಿಂದ ಸ್ಪಷ್ಟ.

ರೈಫಲ್ಲಿನೊಳಗೆ ಏನು ನಡೆಯುತ್ತದೆ?

ದೋಷ ಹುಡುಕಬೇಕಾದರೆ ಯಂತ್ರ ಕೆಲಸ ಮಾಡುವ ರೀತಿ ತಿಳಿದಿರಬೇಕು. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿನಲ್ಲಿ ಪ್ರತಿ ಗುಂಡಿನ ನಂತರ ಬೇಟೆಗಾರನೇ ಖಾಲಿ ತೋಟಾವನ್ನು ಹೊರಹಾಕಿ ಹೊಸದನ್ನು ತುಂಬಬೇಕು. ಅರೆ-ಸ್ವಯಂಚಾಲಿತ ರೈಫಲ್ಲಿನಲ್ಲಿ ಈ ಕೆಲಸವನ್ನು ಮದ್ದಿನ ಅನಿಲವೇ ಮಾಡುತ್ತದೆ. ಆದರೆ ಟ್ರಿಗರ್ ಒತ್ತಿದಾಗೊಮ್ಮೆ ಒಂದೇ ಗುಂಡು ಹಾರುತ್ತದೆ. ಬೆಲ್ಜಿಯಂನ ಹರ್ಸ್ಟಾಲ್‌ನಲ್ಲಿ ತಯಾರಾಗಿ 1967ರಲ್ಲಿ ಮಾರುಕಟ್ಟೆಗೆ ಬಂದ ಬ್ರೌನಿಂಗ್ ಬಾರ್ ಎಂಬ ಬೇಟೆ ರೈಫಲ್ ಈ ಬಗೆಯದು.

308 ವಿಂಚೆಸ್ಟರ್ ಎಂಬ ತೋಟಾ 1952ರಿಂದ ಬಳಕೆಯಲ್ಲಿದೆ. ಇದರ ಸುಮಾರು 9.7 ಗ್ರಾಂ ತೂಕದ ಗುಂಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮದ್ದು ಉರಿದಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 4,000 ಪಟ್ಟಿಗೆ ಏರುತ್ತದೆ. 56 ಸೆಂ.ಮೀ. ಉದ್ದದ ನಳಿಕೆಯನ್ನು ಗುಂಡು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲದಲ್ಲಿ ದಾಟಿ, ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಬರುತ್ತದೆ. ನಳಿಕೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದೆ. ಗುಂಡು ಅದನ್ನು ದಾಟಿದ ಕೂಡಲೇ ಸ್ವಲ್ಪ ಅನಿಲ ಆ ರಂಧ್ರದಿಂದ ನಳಿಕೆಯ ಕೆಳಗಿರುವ ಸಿಲಿಂಡರಿಗೆ ನುಗ್ಗಿ ಒಂದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ. ಬೋಲ್ಟಿನ ಬೀಗ ತೆರೆಯುವುದು ಗುಂಡು ಹೊರಹೋದ ಮೇಲೆಯೇ. ಆದರೆ ಪಿಸ್ಟನ್ನಿನ ಮೇಲೆ ಬಲ ಬೀಳಲು ಆರಂಭವಾಗುವುದು ಗುಂಡು ಇನ್ನೂ ನಳಿಕೆಯಲ್ಲಿರುವಾಗ. ಇದನ್ನು ನೆನಪಿನಲ್ಲಿಡಿ.

ನಡುಗುವ ನಳಿಕೆ

ದೇವಸ್ಥಾನದ ಗಂಟೆಗೆ ಹೊಡೆದರೆ ಅದು ನಡುಗುವಂತೆ ನಳಿಕೆಯೂ ನಡುಗುತ್ತದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 5,000 ಮೀಟರಿಗಿಂತ ಹೆಚ್ಚು. ಗುಂಡು ನಳಿಕೆಯನ್ನು ದಾಟುವಷ್ಟರಲ್ಲಿ ಕಂಪನದ ಅಲೆ ನಳಿಕೆಯ ಉದ್ದಕ್ಕೂ ಸುಮಾರು ಹತ್ತು ಸಲ ಓಡಾಡಿರುತ್ತದೆ. ನಳಿಕೆಯ ಬಾಯಿ ಆ ಕ್ಷಣದಲ್ಲಿ ಯಾವ ದಿಕ್ಕಿಗೆ ಮುಖಮಾಡಿದೆಯೋ ಆ ದಿಕ್ಕಿಗೆ ಗುಂಡು ಹೋಗುತ್ತದೆ.

ನಳಿಕೆ ನಡುಗುವುದರಿಂದಲೇ ತೊಂದರೆಯಿಲ್ಲ. ಪ್ರತಿ ಸಲವೂ ಒಂದೇ ರೀತಿ ನಡುಗಿದರೆ ಪ್ರತಿ ಗುಂಡೂ ಒಂದೇ ಕಡೆ ಹೋಗುತ್ತದೆ. ನಡುಕ ಸಲದಿಂದ ಸಲಕ್ಕೆ ಬದಲಾದಾಗ ಹರಡಿಕೆ ಹೆಚ್ಚುತ್ತದೆ. ಬೋಲ್ಟ್ ಎಳೆಯುವ ರೈಫಲ್ಲಿನಲ್ಲಿ ನಳಿಕೆಯನ್ನು ಬುಡದಲ್ಲಿ ಮಾತ್ರ ಹಿಡಿದು, ಉಳಿದ ಭಾಗ ಎಲ್ಲಿಯೂ ತಾಗದಂತೆ ಬಿಡಬಹುದು. ಅರೆ-ಸ್ವಯಂಚಾಲಿತ ರೈಫಲ್ಲಿನಲ್ಲಿ ಇದು ಕಷ್ಟ. ಅನಿಲದ ಸಿಲಿಂಡರು, ಅದನ್ನು ನಳಿಕೆಗೆ ಬಿಗಿಯುವ ಉಕ್ಕಿನ ಕಟ್ಟು, ಪಿಸ್ಟನ್, ಎಡಗೈ ಹಿಡಿಯುವ ಮುಂಭಾಗದ ಮರದ ಹಿಡಿ ಇವೆಲ್ಲ ನಳಿಕೆಗೆ ತಾಗಿಯೋ ಜೋತುಬಿದ್ದೋ ಇರುತ್ತವೆ. ಮುಂಭಾಗದ ಹಿಡಿಯ ತಿರುಪು ಸಡಿಲವಾಗಿದ್ದರೆ ಅಥವಾ ಅತಿಯಾಗಿ ಬಿಗಿದಿದ್ದರೆ, ಮಳೆಗಾಲದಲ್ಲಿ ಮರ ಉಬ್ಬಿ ನಳಿಕೆಗೆ ಒತ್ತಿದರೆ, ಪಿಸ್ಟನ್ ಮಸಿಯಿಂದ ಬಿಗಿದುಕೊಂಡಿದ್ದರೆ ನಳಿಕೆಯ ಮೇಲಿನ ಬಲ ಒಂದೊಂದು ಗುಂಡಿಗೆ ಒಂದೊಂದು ಬಗೆ.

ಪರೀಕ್ಷೆ ಸುಲಭ. ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ನಳಿಕೆ ಮತ್ತು ಹಿಡಿಯ ನಡುವೆ ಒಂದು ತೆಳು ಕಾಗದವನ್ನು ಜಾರಿಸಿ ನೋಡಬೇಕು. ತಾಗಬಾರದ ಕಡೆ ಕಾಗದ ಸಿಕ್ಕಿಕೊಂಡರೆ ಒಂದು ಸುಳಿವು ಸಿಕ್ಕಿತು. ಮೈದಾನದಲ್ಲಿ ಮರಳಿನ ಚೀಲವನ್ನು ಹಿಡಿಯ ಕೆಳಗೆ ಪ್ರತಿ ಸಲವೂ ಅದೇ ಜಾಗದಲ್ಲಿಡಬೇಕು, ನಳಿಕೆಯ ಕೆಳಗೆ ಎಂದಿಗೂ ಇಡಬಾರದು. ಚೀಲವನ್ನು ಮುಂದೆ ಹಿಂದೆ ಸರಿಸಿದಾಗ ಗುಂಪಿನ ಕೇಂದ್ರವೂ ಸರಿದರೆ, ಹಿಡಿಯ ಒತ್ತಡ ನಳಿಕೆಗೆ ತಲುಪುತ್ತಿದೆ ಎಂದರ್ಥ.

ಒಂದು ಡಿಗ್ರಿ ಬಿಸಿಯ ಲೆಕ್ಕ

ಅರೆ-ಸ್ವಯಂಚಾಲಿತ ರೈಫಲ್ಲಿನಲ್ಲಿ ಬೇಗಬೇಗನೆ ಗುಂಡು ಹಾರಿಸಬಹುದಾದ್ದರಿಂದ ನಳಿಕೆ ಬೇಗ ಕಾಯುತ್ತದೆ. ನಳಿಕೆ ಎಲ್ಲ ಕಡೆ ಸಮನಾಗಿ ಕಾದರೆ ಅದು ಉದ್ದವಾಗುತ್ತದೆ ಅಷ್ಟೆ. ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.000012. ಆದ್ದರಿಂದ 56 ಸೆಂ.ಮೀ. ನಳಿಕೆ 50 ಡಿಗ್ರಿ ಕಾದರೆ 0.34 ಮಿ.ಮೀ. ಬೆಳೆಯುತ್ತದೆ. ಎರಡು ಕಡೆ ಬಿಗಿದು ಹಿಡಿದಿದ್ದರೆ ಇಷ್ಟು ಬೆಳವಣಿಗೆಯೇ ಅದನ್ನು ಬಾಗಿಸಲು ಸಾಕು.

ಸಮನಾಗಿ ಕಾಯದಿದ್ದರೆ? ನಳಿಕೆಯ ಕೆಳಭಾಗದಲ್ಲಿ ಬಿಸಿ ಅನಿಲದ ಸಿಲಿಂಡರಿದೆ, ಮೇಲ್ಭಾಗಕ್ಕೆ ಗಾಳಿ ತಾಗುತ್ತದೆ. ಕೆಳಬದಿ ಮೇಲ್ಬದಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂದುಕೊಳ್ಳೋಣ. ಕೆಳಬದಿ ಹೆಚ್ಚು ಉದ್ದವಾಗುವುದರಿಂದ ನಳಿಕೆಯ ಬಾಯಿ ಮೇಲಕ್ಕೆ ಬಾಗುತ್ತದೆ. ಬಾಗುವ ಕೋನ ಎಷ್ಟು? ಗುಣಾಂಕವನ್ನು ತಾಪದ ವ್ಯತ್ಯಾಸದಿಂದಲೂ ನಳಿಕೆಯ ಉದ್ದದಿಂದಲೂ ಗುಣಿಸಿ, ದಪ್ಪದಿಂದ ಭಾಗಿಸಿದರಾಯಿತು. ಉದ್ದ 560 ಮಿ.ಮೀ., ದಪ್ಪ 16 ಮಿ.ಮೀ. ಆದರೆ

0.000012 × 1 × 560 ÷ 16 = 0.00042 ರೇಡಿಯನ್.

100 ಮೀಟರ್ ದೂರದಲ್ಲಿ ಇದು 4.2 ಸೆಂ.ಮೀ.! ಇಡೀ ನಳಿಕೆಯ ಉದ್ದಕ್ಕೂ ಈ ವ್ಯತ್ಯಾಸ ಇದೆ ಎಂಬುದು ನಾವು ಮಾಡಿಕೊಂಡ ಸರಳೀಕರಣ. ನಿಜದಲ್ಲಿ ಅದು ಒಂದು ಭಾಗದಲ್ಲಿ ಮಾತ್ರ ಇರಬಹುದು. ಆದರೂ ಕೈಗೆ ಗೊತ್ತಾಗದಷ್ಟು ಸಣ್ಣ ತಾಪವ್ಯತ್ಯಾಸ ಗುಂಡನ್ನು ಎಷ್ಟು ಸರಿಸಬಲ್ಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಯುದ್ಧ ಟ್ಯಾಂಕುಗಳ ಫಿರಂಗಿ ನಳಿಕೆಗೆ ಶಾಖ ನಿರೋಧಕ ಕವಚ ತೊಡಿಸುವುದು ಇದೇ ಕಾರಣಕ್ಕೆ. ಬಿಸಿಲು, ಮಳೆ, ಗಾಳಿ ಒಂದು ಬದಿಗೆ ಮಾತ್ರ ತಾಗಿ ನಳಿಕೆ ಬಾಗದಿರಲಿ ಎಂದು.

ದಪ್ಪ ಹೆಚ್ಚಾದರೆ ಕೋನ ಕಡಿಮೆಯಾಗುತ್ತದೆ ಎಂಬುದನ್ನೂ ಸೂತ್ರದಲ್ಲಿ ಗಮನಿಸಿ. ದಪ್ಪ ನಳಿಕೆ ಕಾಯುವುದೂ ನಿಧಾನ. 1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ರೂಗರ್ ಮಿನಿ-14 ಎಂಬ ಹಗುರ ಅರೆ-ಸ್ವಯಂಚಾಲಿತ ರೈಫಲ್ಲಿಗೆ ತೆಳು ನಳಿಕೆ ಇತ್ತು. ನಳಿಕೆ ಕಾದಂತೆ ಗುಂಪು ಹಿಗ್ಗುತ್ತದೆ ಎಂಬ ದೂರು ಅದರ ಬಳಕೆದಾರರಲ್ಲಿ ಸಾಮಾನ್ಯವಾಗಿತ್ತು. ನಂತರದ ಮಾದರಿಗಳಲ್ಲಿ ತಯಾರಕರು ನಳಿಕೆಯನ್ನು ದಪ್ಪಗೊಳಿಸಿದರು.

ಶಾಖವೇ ಕಾರಣವೆಂದು ತಿಳಿಯುವುದು ಹೇಗೆ? ಗುರಿಹಲಗೆಯ ಮೇಲೆ ಪ್ರತಿ ತೂತಿಗೂ ಅದರ ಕ್ರಮಸಂಖ್ಯೆಯನ್ನು ಬರೆಯಬೇಕು. 1, 2, 3, 4 ಹೀಗೆ ಗುಂಡುಗಳು ಕ್ರಮವಾಗಿ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಅದು ಯಾದೃಚ್ಛಿಕವಲ್ಲ. ಮತ್ತೊಂದು ದಿನ ಪ್ರತಿ ಗುಂಡಿನ ನಡುವೆ ಐದು ನಿಮಿಷ ಬಿಟ್ಟು ಹಾರಿಸಿ ನೋಡಬೇಕು. ಸಾಲು ಮಾಯವಾದರೆ ಶಾಖವೇ ಅಪರಾಧಿ. ಬೇಟೆಯಲ್ಲಿ ಸಾಮಾನ್ಯವಾಗಿ ಎಣಿಕೆಗೆ ಬರುವುದು ತಣ್ಣನೆಯ ನಳಿಕೆಯ ಮೊದಲ ಗುಂಡು. ಅದು ಸರಿಯಾಗಿದ್ದರೆ ಈ ದೋಷದೊಂದಿಗೆ ಬದುಕಬಹುದು.

ನಳಿಕೆಯ ಬಾಯಿ

ಗುಂಡನ್ನು ಕೊನೆಯದಾಗಿ ಮುಟ್ಟುವುದು ನಳಿಕೆಯ ಬಾಯಿಯ ಅಂಚು. ಅಲ್ಲಿ ಒಂದು ಬದಿ ಸವೆದಿದ್ದರೆ ಗುಂಡಿನ ಬುಡ ಹೊರಬರುವ ಕ್ಷಣದಲ್ಲಿ ಅನಿಲ ಆ ಬದಿಯಿಂದ ಮೊದಲು ಚಿಮ್ಮಿ ಗುಂಡನ್ನು ಓರೆಗೊಳಿಸುತ್ತದೆ. ಅನೇಕ ಅರೆ-ಸ್ವಯಂಚಾಲಿತ ರೈಫಲ್ಲುಗಳ ಹಿಂಭಾಗ ಮುಚ್ಚಿರುವುದರಿಂದ ನಳಿಕೆಯನ್ನು ಬುಡದಿಂದ ಶುಚಿಮಾಡಲು ಬರುವುದಿಲ್ಲ. ಸಲಾಕೆಯನ್ನು ಬಾಯಿಯಿಂದಲೇ ತೂರಿಸಬೇಕು. ಉಕ್ಕಿನ ಸಲಾಕೆ ವರ್ಷಗಟ್ಟಲೆ ಉಜ್ಜಿ ಆ ಅಂಚು ಸವೆಯುತ್ತದೆ. 1936ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಎಂ1 ಗರಾಂಡ್ ರೈಫಲ್ಲುಗಳಲ್ಲಿ ಈ ಸವೆತ ಚಿರಪರಿಚಿತ. ಅತಿ ಶುಚಿತ್ವವೇ ದೋಷಕ್ಕೆ ಕಾರಣವಾಗುವ ವಿಚಿತ್ರ ಇದು. ಸಲಾಕೆ ಅಂಚಿಗೆ ತಾಗದಂತೆ ಬಾಯಿಗೆ ಒಂದು ಹಿತ್ತಾಳೆಯ ಬಿಲ್ಲೆ ಇಡುವುದು ಇದಕ್ಕೆ ಪರಿಹಾರ. ಸವೆದ ಅಂಚನ್ನು ನುರಿತ ಬಂದೂಕು ಕಮ್ಮಾರ ಮತ್ತೆ ಕಡೆದು ಸರಿಪಡಿಸಬಲ್ಲ.

ತೋಟಾ: ಮೊದಲನೆಯದು ಏಕೆ ಬೇರೆ?

ಅರೆ-ಸ್ವಯಂಚಾಲಿತ ರೈಫಲ್ಲಿನಲ್ಲಿ ಮೊದಲ ತೋಟಾವನ್ನು ಬೇಟೆಗಾರ ಕೈಯಿಂದ ಬೋಲ್ಟ್ ಎಳೆದು ತುಂಬುತ್ತಾನೆ. ಮುಂದಿನವನ್ನು ಸ್ಪ್ರಿಂಗಿನ ಬಲದಿಂದ ಬೋಲ್ಟ್ ರಭಸವಾಗಿ ತಳ್ಳುತ್ತದೆ. ಹೀಗೆ ತಳ್ಳಿದಾಗ ಗುಂಡಿನ ತುದಿ ಇಳಿಜಾರಿಗೆ ಬಡಿದು ಜಜ್ಜಬಹುದು, ಗುಂಡು ತೋಟಾದೊಳಗೆ ತುಸು ಹಿಂದಕ್ಕೋ ಮುಂದಕ್ಕೋ ಸರಿಯಬಹುದು, ಬೋಲ್ಟ್ ಬೀಗ ಹಾಕಿಕೊಳ್ಳುವ ರೀತಿಯೂ ಸ್ವಲ್ಪ ಬೇರೆಯಾಗಬಹುದು. ಹಾಗಾಗಿ ಮೊದಲ ಗುಂಡು ಒಂದು ಕಡೆ, ಉಳಿದವು ಇನ್ನೊಂದು ಕಡೆ ಬೀಳುವುದುಂಟು. ಹತ್ತು ಬಾರಿಯ ಮೊದಲ ಗುಂಡುಗಳನ್ನು ಒಂದು ಹಲಗೆಯಲ್ಲೂ ಉಳಿದವನ್ನು ಇನ್ನೊಂದರಲ್ಲೂ ಗುರುತಿಸಿದರೆ ಇದು ಬಯಲಾಗುತ್ತದೆ.

ಇನ್ನು ವೇಗದ ವ್ಯತ್ಯಾಸ. "ಮದ್ದು ಒಂದೇ ಸಮ ಇಲ್ಲ, ಅದಕ್ಕೇ ಗುಂಡು ಮೇಲೆ ಕೆಳಗೆ ಬೀಳುತ್ತದೆ" ಎಂಬ ಮಾತು ಆಗಾಗ ಕೇಳುತ್ತದೆ. ಲೆಕ್ಕ ಹಾಕಿ ನೋಡೋಣ. 100 ಮೀಟರ್ ಸಾಗಲು ಗುಂಡಿಗೆ ಸುಮಾರು 0.12 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವದಿಂದ ಅದು ಸುಮಾರು 7 ಸೆಂ.ಮೀ. ಇಳಿಯುತ್ತದೆ. ವೇಗ 1% ಬದಲಾದರೆ ಇಳಿತ 2% ಬದಲಾಗುತ್ತದೆ, ಅಂದರೆ ಕೇವಲ 1.4 ಮಿ.ಮೀ. 300 ಮೀಟರಿನಲ್ಲಿ ಇಳಿತ ಸುಮಾರು 75 ಸೆಂ.ಮೀ., ವ್ಯತ್ಯಾಸ 1.5 ಸೆಂ.ಮೀ. ಆದ್ದರಿಂದ 100 ಮೀಟರಿನಲ್ಲಿ 8 ಸೆಂ.ಮೀ. ಎತ್ತರದ ಸಾಲು ಕಂಡರೆ ಬರೀ ವೇಗವನ್ನು ದೂರುವಂತಿಲ್ಲ. ಲೆಕ್ಕ ಹೀಗೆ ಒಬ್ಬ ಆರೋಪಿಯನ್ನು ಬಿಡುಗಡೆ ಮಾಡುತ್ತದೆ.

ಸ್ಕೋಪ್, ಟ್ರಿಗರ್ ಮತ್ತು ಮನುಷ್ಯ

ಗುಂಡು ಹೊರಹೋದ ಮೇಲೆ ಬೋಲ್ಟ್ ಹಿಂದಕ್ಕೂ ಮುಂದಕ್ಕೂ ಬಡಿಯುತ್ತದೆ. ಈ ಪೆಟ್ಟುಗಳು ಆ ಗುಂಡನ್ನು ಸರಿಸಲಾರವು, ಆದರೆ ಸ್ಕೋಪನ್ನು ಹಿಡಿದ ತಿರುಪುಗಳನ್ನು ನಿಧಾನವಾಗಿ ಸಡಿಲಿಸುತ್ತವೆ. ಗುಂಪು ಎರಡಾಗಿ ಒಡೆದು, ಕೆಲವು ಗುಂಡು ಇಲ್ಲಿ ಕೆಲವು ಅಲ್ಲಿ ಬಿದ್ದರೆ ಮೊದಲು ನೋಡಬೇಕಾದದ್ದು ಈ ತಿರುಪುಗಳನ್ನು. ಪರೀಕ್ಷೆಗೆ ಖರ್ಚಿಲ್ಲದಿರುವುದರಿಂದ ಯಾವ ಆಕಾರದ ಗುಂಪಿದ್ದರೂ ಇಲ್ಲಿಂದಲೇ ಆರಂಭಿಸುವುದು ಜಾಣತನ.

ಅರೆ-ಸ್ವಯಂಚಾಲಿತ ರೈಫಲ್ಲಿನ ಟ್ರಿಗರ್ ಸಾಮಾನ್ಯವಾಗಿ ಬಿಗಿ. ಬೋಲ್ಟ್ ಬಡಿದ ಪೆಟ್ಟಿಗೆ ತಾನಾಗಿ ಗುಂಡು ಹಾರದಿರಲೆಂದು ಹಾಗೆ ಮಾಡಿರುತ್ತಾರೆ. ಬಿಗಿ ಟ್ರಿಗರನ್ನು ಎಳೆಯುವಾಗ ರೈಫಲ್ ಪಕ್ಕಕ್ಕೆ ವಾಲಬಹುದು. ಈ ಬಿಗಿತ ಸುರಕ್ಷತೆಗಾಗಿ ಇರುವುದರಿಂದ ಮನೆಯಲ್ಲಿ ಅರ ಹಿಡಿದು ಸಡಿಲಿಸುವುದು ಅಪಾಯ.

ಕೊನೆಯದಾಗಿ ಮನುಷ್ಯ. ಸದ್ದಿಗೂ ಹಿಮ್ಮೆಟ್ಟಿಗೂ ಹೆದರಿ ಗುಂಡು ಹಾರುವ ಮೊದಲೇ ಭುಜ ಅದುರುವುದು ಎಷ್ಟೋ ಜನರಿಗೆ ಅಭ್ಯಾಸ, ತಮಗೇ ಗೊತ್ತಿರುವುದಿಲ್ಲ. ಗೆಳೆಯನೊಬ್ಬ ಮ್ಯಾಗಜಿನ್ ತುಂಬುವಾಗ ಅಭ್ಯಾಸಕ್ಕೆಂದೇ ಮಾರುವ ಮದ್ದಿಲ್ಲದ ನಕಲಿ ತೋಟಾವೊಂದನ್ನು ನಡುವೆ ಸೇರಿಸಲಿ. ಅದರ ಸರದಿ ಬಂದಾಗ 'ಟಕ್' ಎಂಬ ಸದ್ದಿನ ಜೊತೆ ನಳಿಕೆಯ ಬಾಯಿ ಜಿಗಿದರೆ ದೋಷ ರೈಫಲ್ಲಿನದಲ್ಲ. ಇನ್ನೊಂದು ಪರೀಕ್ಷೆ ಅದಲುಬದಲು: ಅದೇ ರೈಫಲ್ ಅದೇ ತೋಟಾವನ್ನು ನುರಿತ ಇನ್ನೊಬ್ಬರು ಹಾರಿಸಲಿ. ಗುಂಪು ಕುಗ್ಗಿದರೆ ಉತ್ತರ ಸಿಕ್ಕಿತು.

ಗುಂಪಿನ ಆಕಾರ ಹೇಳುವುದೇನು?

ಮೇಲಿನದನ್ನೆಲ್ಲ ಹೀಗೆ ಸಂಗ್ರಹಿಸಬಹುದು:

1. ಒತ್ತಾದ ಗುಂಪು, ನಡುಬಿಂದುವಿನಿಂದ ದೂರ: ಸ್ಕೋಪಿನ ಹೊಂದಾಣಿಕೆ ಮಾತ್ರ ಬೇಕು.
2. ಎರಡು ಪ್ರತ್ಯೇಕ ಗುಂಪುಗಳು: ಸಡಿಲವಾದ ಸ್ಕೋಪ್ ಅಥವಾ ಹಿಡಿ.
3. ಕ್ರಮವಾಗಿ ಒಂದೇ ದಿಕ್ಕಿಗೆ ಸಾಗುವ ಸಾಲು: ಶಾಖ, ನಳಿಕೆಗೆ ಎಲ್ಲೋ ತಾಗುವ ಭಾಗ.
4. ಮೊದಲ ಗುಂಡು ಮಾತ್ರ ದೂರ: ತೋಟಾ ತುಂಬುವ ರೀತಿ, ಅಥವಾ ಎಣ್ಣೆ ಉಳಿದ ತಣ್ಣನೆಯ ನಳಿಕೆ.
5. ಕ್ರಮವಿಲ್ಲದ ಅಡ್ಡ ಹರಡಿಕೆ: ಗಾಳಿ, ಟ್ರಿಗರ್ ಎಳೆಯುವ ರೀತಿ.
6. ಎಲ್ಲ ದಿಕ್ಕಿಗೂ ದೊಡ್ಡ ಹರಡಿಕೆ: ತೋಟಾ, ನಳಿಕೆಯ ಬಾಯಿ, ಒಳಗೆ ಅಂಟಿದ ತಾಮ್ರ, ಅಥವಾ ಮನುಷ್ಯ.

ಇವು ಸುಳಿವುಗಳು ಮಾತ್ರ, ತೀರ್ಪುಗಳಲ್ಲ. ಸುಳಿವು ಸಿಕ್ಕ ಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಮತ್ತೆ ಹತ್ತು ಗುಂಡು ಹಾರಿಸಬೇಕು. ಸ್ಕೋಪ್, ತೋಟಾ, ಹಿಡಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ರೈಫಲ್ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಬದಲಿಸಿದ್ದನ್ನು ಹಿಂದಿನಂತೆ ಮಾಡಿದಾಗ ದೋಷ ಮರಳಿ ಬಂದರೆ ಕಾರಣ ಖಚಿತ.

ದೊಡ್ಡ ದೋಷ ಮೊದಲು

ಸ್ವತಂತ್ರ ದೋಷಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ದೋಷ ಸಿಗುತ್ತದೆ. ಒಬ್ಬನ ಕೈಯ ಅಸ್ಥಿರತೆ 4 ಸೆಂ.ಮೀ., ರೈಫಲ್ಲಿನದು 3 ಸೆಂ.ಮೀ., ತೋಟಾದ್ದು 1 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಟ್ಟು, 26ರ ವರ್ಗಮೂಲ, ಅಂದರೆ 5.1 ಸೆಂ.ಮೀ. ದುಬಾರಿ ತೋಟಾ ಕೊಂಡು ಅದರ ದೋಷವನ್ನು ಪೂರ್ತಿ ಸೊನ್ನೆ ಮಾಡಿದರೂ ಒಟ್ಟು 5.0 ಸೆಂ.ಮೀ.ಗೆ ಮಾತ್ರ ಇಳಿಯುತ್ತದೆ. ಕೈಯ ಅಸ್ಥಿರತೆಯನ್ನು ಅರ್ಧಕ್ಕಿಳಿಸಿದರೆ ಒಟ್ಟು 3.7 ಸೆಂ.ಮೀ. ನಮ್ಮ ಬೇಟೆಗಾರ ಮೂರು ದಿನ ಮಾಡಿದ್ದು ಮೊದಲನೆಯ ಕೆಲಸ. ಕೊಂಡುಕೊಳ್ಳಲು ಸುಲಭವಾದ ವಸ್ತುವಿನಲ್ಲೇ ದೋಷ ಇರಬೇಕೆಂದಿಲ್ಲ.

ಮಾಡಿ ನೋಡಿ

ತರಗತಿಯಲ್ಲಿ ಬಂದೂಕು ಬೇಡ; ಒಂದು ಆಲಿಕೆ, ಒಂದು ಗೋಲಿ, ಬಿಳಿ ಹಾಳೆ ಮತ್ತು ಕಾರ್ಬನ್ ಕಾಗದ ಸಾಕು. ಮೇಜಿನ ಮೇಲೆ ಹಾಳೆ ಹರಡಿ ನಡುವೆ ಒಂದು ಗುರುತು ಮಾಡಿ, ಮೇಲೆ ಕಾರ್ಬನ್ ಕಾಗದ ಮುಚ್ಚಿ. ಆಲಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗುರುತಿನ ಮೇಲೆ ಅರ್ಧ ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಗೋಲಿಯನ್ನು ಆಲಿಕೆಯ ಅಂಚಿನಿಂದ 30 ಸಲ ಬಿಡಿ. ಪ್ರತಿ ಸಲ ಮೊದಲು ತಾಗಿದ ಜಾಗದ ಗುರುತಿಗೆ ಕ್ರಮಸಂಖ್ಯೆ ಹಾಕಿ. ಈಗ ಹೊಸ ಹಾಳೆ ಹಾಕಿ, ಗೋಲಿ ಗುರುತಿನಿಂದ ಎಷ್ಟು ದೂರ ಯಾವ ದಿಕ್ಕಿಗೆ ಬಿತ್ತೋ ಅಷ್ಟೇ ದೂರ ಆಲಿಕೆಯನ್ನು ಎದುರು ದಿಕ್ಕಿಗೆ ಪ್ರತಿ ಸಲವೂ ಸರಿಸುತ್ತಾ 30 ಸಲ ಬಿಡಿ. ಎರಡೂ ಹಾಳೆಗಳ ಮಾನಕ ವಿಚಲನೆಯನ್ನು ಹೋಲಿಸಿ. ಎರಡನೆಯದು ಸುಮಾರು 1.4 ಪಟ್ಟು ಬರಬೇಕು. ಮೊದಲ ಹಾಳೆಯಿಂದ 3, 5 ಮತ್ತು 10ರ ಗುಂಪುಗಳನ್ನು ಆಯ್ದು ಅವುಗಳ ಅಳತೆ ಹೇಗೆ ಬೆಳೆಯುತ್ತದೆಂದೂ ನೋಡಿ.

ಎಷ್ಟು ದೂರ ಸರಿ?

ಎಲ್ಲ ಪರೀಕ್ಷೆಯ ನಂತರವೂ ಸ್ವಲ್ಪ ಹರಡಿಕೆ ಉಳಿದೇ ಉಳಿಯುತ್ತದೆ. ಆಗ ಬೇಟೆಗಾರನ ಮುಂದಿರುವ ಪ್ರಶ್ನೆ: ಈ ರೈಫಲ್ಲಿನಿಂದ ಎಷ್ಟು ದೂರದ ಜಿಂಕೆಗೆ ಗುಂಡು ಹಾರಿಸಬಹುದು? ಹರಡಿಕೆ ಕೋನದಲ್ಲಿರುವುದರಿಂದ ದೂರ ಎರಡು ಪಟ್ಟಾದರೆ ಹರಡಿಕೆಯೂ ಎರಡು ಪಟ್ಟು. ಒಟ್ಟು ಮಾನಕ ವಿಚಲನೆ 100 ಮೀಟರಿಗೆ 2 ಸೆಂ.ಮೀ. ಇದ್ದು ಗುಂಪಿನ ಕೇಂದ್ರ ಸರಿಯಾಗಿದ್ದರೆ, 20 ಸೆಂ.ಮೀ. ವ್ಯಾಸದ ವೃತ್ತದೊಳಗೆ ಗುಂಡು ಬೀಳುವ ಸಂಭವ 100 ಮೀಟರಿನಲ್ಲಿ ಬಹುತೇಕ ಖಚಿತ. 200 ಮೀಟರಿನಲ್ಲಿ ಅದು ಸುಮಾರು 96%, 300 ಮೀಟರಿನಲ್ಲಿ 75% ಮಾತ್ರ. ವಿಚಲನೆ 5 ಸೆಂ.ಮೀ. ಇದ್ದರೆ 100 ಮೀಟರಿನಲ್ಲೇ 86%, 200 ಮೀಟರಿನಲ್ಲಿ 39%. ಹಿಂದೆ ನೋಡಿದ 5.1 ಸೆಂ.ಮೀ.ನ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಅಂಥವನು 200 ಮೀಟರ್ ದೂರದಿಂದ ಟ್ರಿಗರ್ ಒತ್ತಿದರೆ ಐದರಲ್ಲಿ ಮೂರು ಸಲ ಪ್ರಾಣಿ ತಪ್ಪಿಸಿಕೊಳ್ಳುತ್ತದೆ ಅಥವಾ ಗಾಯಗೊಂಡು ಓಡುತ್ತದೆ.

ಮೂರು ಗುಂಡುಗಳ ಒಂದು ಅದೃಷ್ಟದ ಗುಂಪನ್ನು ಜೇಬಿನಲ್ಲಿಟ್ಟುಕೊಂಡು ಕಾಡಿಗೆ ಹೋದವನಿಗೆ ಈ ಸಂಖ್ಯೆಗಳು ಗೊತ್ತಿರುವುದಿಲ್ಲ. ಹತ್ತು ಗುಂಡು ಹಾರಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿ, ಬಂದ ಅಳತೆಯನ್ನು ಇದ್ದಂತೆ ಒಪ್ಪಿಕೊಂಡವನು ತನ್ನ ಮಿತಿ 100 ಮೀಟರ್ ಎಂದು ತಿಳಿದು, ಅದರಾಚೆಗೆ ಕಂಡ ಜಿಂಕೆಯನ್ನು ಹೋಗಲು ಬಿಡುತ್ತಾನೆ.